ಮಿಲ್ವಾಕೀ ಜನ ಮತ್ತೆ ಅವನನ್ನೇ ಕಳಿಸಿದರು

2023ರ ಡಿಸೆಂಬರ್‌ನಲ್ಲಿ ಕೊಲರಾಡೋ ರಾಜ್ಯದ ಸುಪ್ರೀಂ ಕೋರ್ಟು 2021ರ ಜನವರಿ 6ರ ಕ್ಯಾಪಿಟಲ್ ದಾಳಿಯ ಕಾರಣಕ್ಕೆ ಟ್ರಂಪ್ ಹೆಸರನ್ನು ಅಲ್ಲಿನ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಬ್ಯಾಲೆಟ್ಟಿನಿಂದ ತೆಗೀಬೇಕು ಅಂತ ತೀರ್ಪು ಕೊಟ್ಟಿತಲ್ಲ, ಆಗ ಅಮೆರಿಕದಲ್ಲಿ ಎಲ್ಲಿ ನೋಡಿದರೂ ಹದಿನಾಲ್ಕನೇ ತಿದ್ದುಪಡಿಯ ಮೂರನೇ ಸೆಕ್ಷನ್ನಿನದೇ ಮಾತು. ಸಂವಿಧಾನದ ಹೆಸರಲ್ಲಿ ಪ್ರಮಾಣ ಮಾಡಿ, ಆಮೇಲೆ ದಂಗೆ ಎದ್ದವನು ಅಥವಾ ಶತ್ರುಗಳಿಗೆ ನೆರವಾದವನು ಮತ್ತೆ ಅಧಿಕಾರದ ಜಾಗಕ್ಕೆ ಬರುವ ಹಾಗಿಲ್ಲ ಅನ್ನೋ ಸೆಕ್ಷನ್ ಅದು. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಮುಖಂಡರನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಆ ದಿನಗಳಲ್ಲಿ ನಾನು ಓದಿದ ಲೇಖನಗಳಲ್ಲಿ ಒಂದು ಹೆಸರು ಪದೇ ಪದೇ ಕಣ್ಣಿಗೆ ಬೀಳುತ್ತಿತ್ತು. ವಿಕ್ಟರ್ ಬರ್ಗರ್. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ಊರಿನಿಂದ ಅಮೆರಿಕದ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ, ಗೆದ್ದ ಸೋಷಲಿಸ್ಟ್. ಇದೇ ಸೆಕ್ಷನ್ ಹಿಡಿದು 1919ರಲ್ಲಿ ಅವನನ್ನು ಕಾಂಗ್ರೆಸ್ಸಿನ ಕೆಳಮನೆಯ ಸದನದ ಒಳಗೆ ಬಿಟ್ಟುಕೊಳ್ಳಲಿಲ್ಲ ಅಂತ ಒಂದು ಸಾಲು. ಅಷ್ಟು ಹೇಳಿ ಲೇಖನ ವಾಪಸ್ ಟ್ರಂಪ್ ಕಡೆ ಹೊರಟುಬಿಡೋದು.

ಆ ಒಂದು ಸಾಲು ನನ್ನನ್ನು ಬಿಡಲಿಲ್ಲ. ಬಿಟ್ಟುಕೊಳ್ಳಲಿಲ್ಲ ಅಂದರೆ ಏನು? ಆ ಕ್ಷೇತ್ರದ ಜನ ಏನು ಮಾಡಿದರು? ಹುಡುಕಿದರೆ ಉತ್ತರ ಸಿಕ್ಕಿತು. ಅವರು ಮತ್ತೆ ಅವನನ್ನೇ ಆರಿಸಿದರು. ಸದನ ಮತ್ತೆ ಅವನನ್ನೇ ಹೊರಗಿಟ್ಟಿತು. ಜನ ಅವನನ್ನು ಎರಡನೇ ಸಲ ಆರಿಸಿದ್ದು 1919ರ ಡಿಸೆಂಬರ್ 19ಕ್ಕೆ. ಕೊಲರಾಡೋ ತೀರ್ಪು ಬಂದದ್ದೂ ಡಿಸೆಂಬರ್ 19ಕ್ಕೆ, ಸರಿಯಾಗಿ 104 ವರ್ಷದ ನಂತರ. ಇದಕ್ಕೆ ಅರ್ಥ ಗಿರ್ಥ ಏನೂ ಇಲ್ಲ, ಸುಮ್ನೆ ಕಾಕತಾಳೀಯ. ಆದರೂ ಹೇಳದೆ ಇರೋಕೆ ಆಗಲಿಲ್ಲ.

ಜರ್ಮನ್ ಮೇಷ್ಟ್ರು

ಇಂಥ ಕಥೆ ಸಿಕ್ಕಾಗ ನಮಗೆಲ್ಲ ಒಂದು ಆಸೆ ಇರುತ್ತೆ: ಅನ್ಯಾಯಕ್ಕೊಳಗಾದವನು ದೊಡ್ಡ ಮನುಷ್ಯನೂ ಆಗಿರಲಿ ಅಂತ. ಬರ್ಗರ್ ಆ ಆಸೆಯನ್ನು ಪೂರ್ತಿ ಈಡೇರಿಸುವುದಿಲ್ಲ. 1860ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಹುಟ್ಟಿ, 1878ರಲ್ಲಿ ಅಮೆರಿಕಕ್ಕೆ ಬಂದು, ಕೊನೆಗೆ ಮಿಲ್ವಾಕೀಯಲ್ಲಿ ನೆಲೆ ನಿಂತವನು. ಆಗ ಆ ಊರಿನ ಬೀದಿಗಳಲ್ಲಿ ಇಂಗ್ಲಿಷಿನಷ್ಟೇ ಜರ್ಮನ್ ಕೇಳಿಸುತ್ತಿತ್ತು. ಬರ್ಗರ್ ಅಲ್ಲಿನ ಶಾಲೆಗಳಲ್ಲಿ ಜರ್ಮನ್ ಕಲಿಸಿದ. ಹಿಂದೆ ತನ್ನ ವಿದ್ಯಾರ್ಥಿನಿಯಾಗಿದ್ದ ಮೇಟಾ ಶ್ಲಿಕ್ಟಿಂಗ್‌ಳನ್ನು 1897ರಲ್ಲಿ ಮದುವೆಯಾದ. ಅಷ್ಟರಲ್ಲಿ ಮೇಷ್ಟ್ರ ಕೆಲಸ ಬಿಟ್ಟು ಪತ್ರಿಕೆ ನಡೆಸೋಕೆ ಇಳಿದಾಗಿತ್ತು. ಮೊದಲು ಜರ್ಮನ್ ಪತ್ರಿಕೆ, ಆಮೇಲೆ ಇಂಗ್ಲಿಷ್ ವಾರಪತ್ರಿಕೆ, 1911ರ ಕೊನೆಗೆ 'ಮಿಲ್ವಾಕೀ ಲೀಡರ್' ಅನ್ನೋ ದಿನಪತ್ರಿಕೆ. ಮೇಷ್ಟ್ರ ಗತ್ತು ಮಾತ್ರ ಕೊನೆವರೆಗೂ ಹೋಗಲಿಲ್ಲ. ತಾನು ಹೇಳಿದ್ದೇ ಸರಿ, ಪಕ್ಷದಲ್ಲಿ ತನ್ನ ಮಾತೇ ನಡೀಬೇಕು. ಭಿನ್ನಮತ ಕಂಡರೆ ಸಿಡುಕು.

ರೈಲ್ವೆ ಕಾರ್ಮಿಕರ ನಾಯಕ ಯೂಜೀನ್ ಡೆಬ್ಸ್ 1895ರಲ್ಲಿ ಮುಷ್ಕರದ ಕಾರಣಕ್ಕೆ ಜೈಲಿನಲ್ಲಿದ್ದಾಗ, ಮಾರ್ಕ್ಸ್ ಪುಸ್ತಕ ಕೈಯಲ್ಲಿ ಹಿಡಿದು ನೋಡೋಕೆ ಹೋದವನು ಇವನೇ. ಮುಂದೆ ಇಬ್ಬರೂ ಸೇರಿ ಅಮೆರಿಕದ ಸೋಷಲಿಸ್ಟ್ ಪಕ್ಷ ಕಟ್ಟಿದರು. ಡೆಬ್ಸ್ ಮಾತಾಡಿದರೆ ಜನ ಕಣ್ಣೀರು ಹಾಕುತ್ತಿದ್ದರು. ಬರ್ಗರ್ ಹಾಗಲ್ಲ. ಅವನು ವಾರ್ಡ್ ವಾರ್ಡಿನ ಲೆಕ್ಕ ಇಟ್ಟುಕೊಂಡು, ಮನೆ ಮನೆಗೆ ಕರಪತ್ರ ಹಂಚಿಸುವ ಆಸಾಮಿ. ಕ್ರಾಂತಿ ಆದಾಗ ಆಗಲಿ, ಮೊದಲು ಚರಂಡಿ ಸರಿ ಮಾಡೋಣ, ಕುಡಿಯೋ ನೀರು ಶುದ್ಧವಾಗಿ ಕೊಡೋಣ, ಪಾರ್ಕು ಮಾಡೋಣ ಅನ್ನುವ ಗುಂಪು ಅವನದು. ಮುಂದೆ ಅವರದೇ ಪಕ್ಷದ ನ್ಯೂಯಾರ್ಕಿನವರು ಇವರನ್ನು 'ಚರಂಡಿ ಸೋಷಲಿಸ್ಟರು' ಅಂತ ಗೇಲಿ ಮಾಡಿದರು. ಮಿಲ್ವಾಕೀಯವರು ಬೇಜಾರು ಮಾಡಿಕೊಳ್ಳಲಿಲ್ಲ. ಚರಂಡಿ ಚೆನ್ನಾಗಿದ್ದರೆ ಬೇಜಾರು ಯಾಕೆ, ಅಲ್ವಾ?

1910ರಲ್ಲಿ ಮಿಲ್ವಾಕೀಗೆ ಎಮಿಲ್ ಸೈಡೆಲ್ ಅನ್ನೋ ಸೋಷಲಿಸ್ಟ್ ಮೇಯರ್ ಬಂದ. ಅದೇ ವರ್ಷ ಬರ್ಗರ್ ಕಾಂಗ್ರೆಸ್ಸಿಗೆ ಗೆದ್ದ. ಅಮೆರಿಕದ ಕಾಂಗ್ರೆಸ್ ಮೆಟ್ಟಿಲು ಹತ್ತಿದ ಮೊದಲ ಸೋಷಲಿಸ್ಟ್. ಇಡೀ ಸದನದಲ್ಲಿ ಒಬ್ಬನೇ ಒಬ್ಬ. ಹೋದವನು ಸುಮ್ಮನೆ ಕೂರಲಿಲ್ಲ. ಸೆನೆಟನ್ನೇ ರದ್ದು ಮಾಡಬೇಕು ಅಂತ ನಿರ್ಣಯ ತಂದ! ಅರವತ್ತು ದಾಟಿದ ದುಡಿಯುವ ಬಡವರಿಗೆ ವಾರಕ್ಕೆ 4 ಡಾಲರ್‌ವರೆಗೆ ಪಿಂಚಣಿ ಕೊಡಬೇಕು ಅಂತ ಬಿಲ್ ಮಂಡಿಸಿದ. ಕಾಂಗ್ರೆಸ್ಸಿನಲ್ಲಿ ಬಂದ ಅಂಥ ಮೊದಮೊದಲ ಬಿಲ್ಲುಗಳಲ್ಲಿ ಅದೂ ಒಂದು. ಕೋರ್ಟುಗಳು ಎಲ್ಲಿ ಹೊಡೆದುಹಾಕುತ್ತವೋ ಅಂತ, ಈ ಕಾಯ್ದೆಯ ಸಿಂಧುತ್ವವನ್ನು ಯಾವ ಫೆಡರಲ್ ಕೋರ್ಟೂ ಪ್ರಶ್ನೆ ಮಾಡುವ ಹಾಗಿಲ್ಲ ಅಂತ ಅದರಲ್ಲೇ ಒಂದು ಕಲಮು ಸೇರಿಸಿದ್ದ. ಎಂಥಾ ಚಾಲಾಕಿ! ಬಿಲ್ ಏನೂ ಪಾಸಾಗಲಿಲ್ಲ. ವಯಸ್ಸಾದವರಿಗೆ ಪಿಂಚಣಿ ಕೊಡುವ ಸೋಷಲ್ ಸೆಕ್ಯೂರಿಟಿ ಕಾಯ್ದೆ ಬರೋಕೆ 1935 ಆಯಿತು.

ಕೂದಲು ಕಿತ್ತ ಹುಡುಗಿ

ಬರ್ಗರ್‌ನ ಮೊದಲ ಅವಧಿಯಲ್ಲಿ ನನಗೆ ಮತ್ತೆ ಮತ್ತೆ ಓದಬೇಕು ಅನ್ನಿಸುವುದು 1912ರ ಮಾರ್ಚಿನ ಒಂದು ವಿಚಾರಣೆಯ ದಾಖಲೆ. ಮ್ಯಾಸಚೂಸೆಟ್ಸಿನ ಲಾರೆನ್ಸ್ ಅನ್ನೋ ಮಿಲ್ ಊರು. ಹೆಂಗಸರು, ಮಕ್ಕಳ ಕೆಲಸದ ಅವಧಿಯನ್ನು ವಾರಕ್ಕೆ 56 ಗಂಟೆಯಿಂದ 54ಕ್ಕೆ ಇಳಿಸಿ ರಾಜ್ಯ ಕಾನೂನು ಮಾಡಿತು. ಮಿಲ್ ಮಾಲೀಕರು ಎರಡು ಗಂಟೆಯ ಕೂಲಿ ಹಿಡಿದುಕೊಂಡರು. ಜನವರಿ ಚಳಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಬೀದಿಗೆ ಬಂದರು. ಹೆಚ್ಚಿನವರು ಇಟಲಿ, ಪೋಲೆಂಡ್, ಲಿಥುವೇನಿಯಾ ಕಡೆಯಿಂದ ಹೊಸದಾಗಿ ಬಂದವರು. ಮನೆಯಲ್ಲಿ ಊಟಕ್ಕಿಲ್ಲ ಅಂತ ಮಕ್ಕಳನ್ನು ಬೇರೆ ಊರಿನ ಬೆಂಬಲಿಗರ ಮನೆಗೆ ಕಳಿಸತೊಡಗಿದರು. ಫೆಬ್ರವರಿ 24ರಂದು ರೈಲ್ವೆ ಸ್ಟೇಷನ್ನಿನಲ್ಲಿ ಪೊಲೀಸರು ಆ ತಾಯಂದಿರ ಮೇಲೆ, ಮಕ್ಕಳ ಮೇಲೆ ಕೈ ಮಾಡಿದರು. ದೇಶವೆಲ್ಲ ಗುಲ್ಲೆದ್ದಿತು. ಕಾಂಗ್ರೆಸ್ ವಿಚಾರಣೆ ನಡೆಸಬೇಕು ಅಂತ ಬರ್ಗರ್ ಪಟ್ಟು ಹಿಡಿದ.

ಆ ಮುಷ್ಕರದ ಮುಂದಾಳತ್ವ ಇದ್ದದ್ದು ಐಡಬ್ಲ್ಯುಡಬ್ಲ್ಯು ಅನ್ನೋ ಉಗ್ರ ಕಾರ್ಮಿಕ ಸಂಘದ ಕೈಯಲ್ಲಿ. ಬರ್ಗರ್‌ಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವರ ನಾಯಕ ಬಿಗ್ ಬಿಲ್ ಹೇವುಡ್‌ನನ್ನು ಮಾರನೇ ವರ್ಷ ಪಕ್ಷದ ಕಾರ್ಯಕಾರಿ ಸಮಿತಿಯಿಂದ ಕಿತ್ತುಹಾಕಿದರಲ್ಲ, ಅದರ ಹಿಂದಿದ್ದದ್ದು ಬರ್ಗರ್‌ನಂಥವರೇ. ಹಾಗಿದ್ದೂ ಅವರ ಮುಷ್ಕರದ ಮಕ್ಕಳನ್ನು ವಾಷಿಂಗ್ಟನ್ನಿಗೆ ಕರೆಸಿ ಸಮಿತಿಯ ಮುಂದೆ ಕೂರಿಸಿದ. ಈ ವಿಷಯದಲ್ಲಿ ಅವನಿಗೆ ಪೂರ್ತಿ ಮಾರ್ಕು ಕೊಡಬೇಕು.

ಬಂದವರಲ್ಲಿ ಕಮೆಲಾ ತಿಯೋಲಿ ಅನ್ನೋ ಹುಡುಗಿ. ವಯಸ್ಸೆಷ್ಟು ಅಂತ ಕೇಳಿದರೆ, 14 ವರ್ಷ 8 ತಿಂಗಳು ಅಂದಳು. ಪ್ರೇಕ್ಷಕರ ಸಾಲಿನಲ್ಲಿ ಅಧ್ಯಕ್ಷ ಟ್ಯಾಫ್ಟ್‌ನ ಹೆಂಡತಿ ಕೂತಿದ್ದರು. ಹುಡುಗಿ ಹೇಳಿದ ಕಥೆ ಇಷ್ಟು. ಅವಳಿನ್ನೂ ಶಾಲೆಗೆ ಹೋಗುತ್ತಿದ್ದಾಗ ಮನೆಗೆ ಒಬ್ಬ ಬಂದ. ಮಗಳನ್ನು ಯಾಕೆ ಕೆಲಸಕ್ಕೆ ಕಳಿಸಲ್ಲ ಅಂತ ಅಪ್ಪನನ್ನು ಕೇಳಿದ. ಇವಳಿಗೆ ಹದಿಮೂರೋ ಹದಿನಾಲ್ಕೋ ಗೊತ್ತಿಲ್ಲ ಅಂತ ಅಪ್ಪ ಅಂದ. 4 ಡಾಲರ್ ಕೊಡು, ಹಳೇ ದೇಶದ ನಿಮ್ಮೂರಿಂದ ಹದಿನಾಲ್ಕು ಅಂತ ಕಾಗದ ಮಾಡಿಸಿಕೊಡ್ತೀನಿ ಅಂತ ಇವನು. ಕೊಟ್ಟರು. ಕಾಗದ ಬಂತು. ಮಿಲ್ಲಿಗೆ ಸೇರಿದ ಎರಡು ವಾರಕ್ಕೆ ಯಂತ್ರ ಅವಳ ಕೂದಲಿಗೆ ಸಿಕ್ಕಿಕೊಂಡು ನೆತ್ತಿಯ ಚರ್ಮವನ್ನೇ ಕಿತ್ತುಬಿಟ್ಟಿತು. ಏಳು ತಿಂಗಳು ಆಸ್ಪತ್ರೆ. ಕಂಪನಿ ಆಸ್ಪತ್ರೆ ಬಿಲ್ ಕಟ್ಟಿತು, ಆ ಏಳು ತಿಂಗಳ ಕೂಲಿ ಕೊಡಲಿಲ್ಲ. ಮುಷ್ಕರಕ್ಕೆ ಯಾಕೆ ಇಳಿದೆ ಅಂತ ಕೇಳಿದ್ದಕ್ಕೆ, ಮನೇಲಿ ಹೊಟ್ಟೆ ತುಂಬ ಊಟ ಸಿಗ್ತಿರಲಿಲ್ಲ ಅಂದಳು. ಭಾಷಣ ಇಲ್ಲ, ಅಳು ಇಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಕೆಲವೇ ದಿನಗಳಲ್ಲಿ ಮಿಲ್ಲುಗಳು ಮಣಿದು ಕೂಲಿ ಏರಿಸಿದವು. 1970ರ ದಶಕದಲ್ಲಿ ಒಬ್ಬ ಪತ್ರಕರ್ತ ಲಾರೆನ್ಸಿಗೆ ಹೋಗಿ ಕಮೆಲಾಳ ಮಗಳನ್ನು ಹುಡುಕಿದ. ಆಗ ಕಮೆಲಾ ತೀರಿಕೊಂಡಾಗಿತ್ತು. ಆ ಬೋಳು ಜಾಗ ಮುಚ್ಚುವ ಹಾಗೆ ಅಮ್ಮನ ತಲೆ ಬಾಚಿ ತುರುಬು ಕಟ್ಟುತ್ತಿದ್ದ ಮಗಳಿಗೆ, ಅಮ್ಮ ವಾಷಿಂಗ್ಟನ್ನಿಗೆ ಹೋಗಿ ಸಾಕ್ಷಿ ಹೇಳಿದ್ದು ಗೊತ್ತೇ ಇರಲಿಲ್ಲ. ಅಮ್ಮ ಹೇಳಿಯೇ ಇರಲಿಲ್ಲ.

ಇಷ್ಟೆಲ್ಲ ಆದರೂ 1912ರ ಕೊನೆಗೆ ಬರ್ಗರ್ ಸೋತ. ಗೆದ್ದವನು ವಿಲಿಯಂ ಸ್ಟಾಫರ್ಡ್ ಅನ್ನೋ ರಿಪಬ್ಲಿಕನ್. ಈ ಹೆಸರು ನೆನಪಿಡಿ, ಮತ್ತೆ ಬರುತ್ತಾನೆ.

ಐದು ಸಂಪಾದಕೀಯ, ಇಪ್ಪತ್ತು ವರ್ಷ

1917ರ ಏಪ್ರಿಲ್‌ನಲ್ಲಿ ಅಮೆರಿಕ ಜರ್ಮನಿ ವಿರುದ್ಧ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಸೋಷಲಿಸ್ಟ್ ಪಕ್ಷ ಇದು ನಮ್ಮ ಯುದ್ಧ ಅಲ್ಲ ಅಂತ ಖಡಾಖಂಡಿತವಾಗಿ ಹೇಳಿತು. ಬರ್ಗರ್ ತನ್ನ ಪತ್ರಿಕೆಯಲ್ಲಿ ಅದನ್ನೇ ಬರೆದ. ಅಕ್ಟೋಬರ್‌ನಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಬರ್ಲ್‌ಸನ್ 'ಲೀಡರ್'ನ ಅಂಚೆ ರಿಯಾಯಿತಿಯನ್ನು ಕಿತ್ತುಕೊಂಡ. ಆ ಕಾಲದಲ್ಲಿ ಹೊರಗಿನ ಊರುಗಳಿಗೆ ಪತ್ರಿಕೆ ಹೋಗುತ್ತಿದ್ದದ್ದೇ ಆ ರಿಯಾಯಿತಿ ದರದಲ್ಲಿ. ಅದು ಹೋದರೆ ಚಂದಾದಾರರು ಹೋದ ಹಾಗೇ. ಮುಂದೆ ಪತ್ರಿಕೆಗೆ ಬರುವ ಕಾಗದಗಳನ್ನೂ ತಡೆದರು. ಯಾರಾದರೂ 'ಲೀಡರ್' ವಿಳಾಸಕ್ಕೆ ಬರೆದರೆ ಕಾಗದ ಬರೆದವರಿಗೇ ವಾಪಸ್. ಪತ್ರಿಕೆಯನ್ನು ನಿಷೇಧಿಸುವ ಗೋಜಿಗೆ ಯಾರೂ ಹೋಗಲಿಲ್ಲ, ಉಸಿರು ಕಟ್ಟಿಸಿದರು ಅಷ್ಟೇ. ಸಾಯಲಿಲ್ಲ ಅನ್ನೋದೇ ಆಶ್ಚರ್ಯ.

1918ರಲ್ಲಿ, ಯುದ್ಧದ ಕೆಲಸಕ್ಕೆ ಅಡ್ಡಿ ಮಾಡುವುದನ್ನೂ ಅಪರಾಧ ಮಾಡಿದ್ದ ಬೇಹುಗಾರಿಕೆ ಕಾಯ್ದೆಯಡಿ ಬರ್ಗರ್ ಮೇಲೂ ಇನ್ನು ನಾಲ್ವರ ಮೇಲೂ ಕೇಸು ಬಿತ್ತು. ಅವನು ಯಾರ ಮೇಲೂ ಬೇಹು ನಡೆಸಿರಲಿಲ್ಲ. ಅವನ ವಿರುದ್ಧದ ಪುರಾವೆ ಐದು ಸಂಪಾದಕೀಯಗಳು. ಕೇಸು ತಲೆ ಮೇಲಿದ್ದಾಗಲೇ ಏಪ್ರಿಲ್‌ನಲ್ಲಿ ಸೆನೆಟ್ ಉಪಚುನಾವಣೆಗೆ ನಿಂತ. ಸೋತರೂ 1,10,000ಕ್ಕಿಂತ ಜಾಸ್ತಿ ಮತ ಬಂತು. ನವೆಂಬರ್‌ನಲ್ಲಿ ಕಾಂಗ್ರೆಸ್ಸಿಗೆ ನಿಂತು ಗೆದ್ದೇಬಿಟ್ಟ. ಡಿಸೆಂಬರ್‌ನಲ್ಲಿ ಚಿಕಾಗೋದಲ್ಲಿ ವಿಚಾರಣೆ ಶುರು. ಜಡ್ಜ್ ಯಾರು ಗೊತ್ತಾ? ಕೆನೆಸಾ ಮೌಂಟನ್ ಲ್ಯಾಂಡಿಸ್. ಬೇಸ್‌ಬಾಲ್ ಅಭಿಮಾನಿಗಳಿಗೆ ಪರಿಚಯದ ಹೆಸರು. ಮುಂದೆ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಆಟಗಾರರನ್ನು ಜೀವನಪೂರ್ತಿ ಹೊರಗಿಟ್ಟ ಕಮಿಷನರ್ ಇವನೇ. ಜರ್ಮನ್ ಮೂಲದವರ ಎದೆಯಲ್ಲಿ ದ್ರೋಹ ನಾರುತ್ತಿದೆ ಅನ್ನೋ ಧಾಟಿಯಲ್ಲಿ ಈ ಜಡ್ಜ್ ಮಾತಾಡಿದ್ದಾರೆ, ನಮ್ಮ ಕೇಸು ಬೇರೆಯವರು ನೋಡಲಿ ಅಂತ ಬರ್ಗರ್ ಕಡೆಯವರು ಅಫಿಡವಿಟ್ ಹಾಕಿದರು. ಅದನ್ನು ತಳ್ಳಿಹಾಕಿದ್ದೂ ಅದೇ ಲ್ಯಾಂಡಿಸ್. 1919ರ ಫೆಬ್ರವರಿಯಲ್ಲಿ ಐವರಿಗೂ ಇಪ್ಪತ್ತು ವರ್ಷ ಶಿಕ್ಷೆ. ಬರ್ಗರ್ ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗಿದ್ದ.

ಮೇ ತಿಂಗಳಲ್ಲಿ ಹೊಸ ಸದನ ಸೇರಿತು. ಎಲ್ಲರೂ ಪ್ರಮಾಣವಚನಕ್ಕೆ ಎದ್ದು ನಿಂತಾಗ ಮ್ಯಾಸಚೂಸೆಟ್ಸಿನ ಡ್ಯಾಲಿಂಜರ್ ಆಕ್ಷೇಪ ಎತ್ತಿದ. ಬರ್ಗರ್ ಪಕ್ಕಕ್ಕೆ ಸರಿದು ನಿಲ್ಲಬೇಕಾಯಿತು. ಸಮಿತಿ ಕೂತಿತು. ಬರೆದದ್ದಕ್ಕೆ ತಪ್ಪಾಯಿತು ಅಂತ ಬರ್ಗರ್ ಹೇಳಲಿಲ್ಲ. ಸಮಿತಿಯ ವಾದ ಕೇಳಿ: ಇವನು 1911ರಲ್ಲಿ ಕಾಂಗ್ರೆಸ್ ಸದಸ್ಯನಾಗಿ ಪ್ರಮಾಣ ಮಾಡಿದ್ದಾನೆ, ಆಮೇಲೆ ಶತ್ರುವಿಗೆ ನೆರವಾಗಿದ್ದಾನೆ, ಆದ್ದರಿಂದ ಮೂರನೇ ಸೆಕ್ಷನ್ ಇವನಿಗೆ ತಾಗುತ್ತದೆ. ಅಂದರೆ ಜನ ಅವನನ್ನು ಹಿಂದೆ ಒಮ್ಮೆ ಆರಿಸಿದ್ದೇ ಈಗ ಅವನಿಗೆ ಮುಳುವಾಯಿತು. ಮೊದಲ ಸಲ ಗೆದ್ದು ಬಂದವನಾಗಿದ್ದರೆ ಈ ಸೆಕ್ಷನ್ ಅವನ ಹತ್ತಿರ ಸುಳಿಯುತ್ತಿರಲಿಲ್ಲ.

1919ರ ನವೆಂಬರ್ 10ಕ್ಕೆ ಮತ ಹಾಕಿದರು. ಮೂರು ದಿನ ಮುಂಚೆಯಷ್ಟೇ ಅಟಾರ್ನಿ ಜನರಲ್ ಪಾಮರ್‌ನ ಜನ ಊರೂರಲ್ಲಿ ದಾಳಿ ನಡೆಸಿ ವಲಸಿಗ ಕಾರ್ಮಿಕರನ್ನು ಹಿಡಿದು ಹಾಕಿದ್ದರು. ಗಾಳಿ ಹಾಗಿತ್ತು. 311 ಜನ ಬೇಡ ಅಂದರು. ಒಬ್ಬ ಬೇಕು ಅಂದ. ಆ ಒಬ್ಬ ಎಡ್ವರ್ಡ್ ವೊಯ್ಟ್, ಅದೇ ವಿಸ್ಕಾನ್ಸಿನ್ನಿನ ಶೆಬಾಯ್ಗನ್ ಊರಿನವನು. ಸೋಷಲಿಸ್ಟ್ ಅಲ್ಲ, ರಿಪಬ್ಲಿಕನ್. ಅವನೂ ಜರ್ಮನಿಯಲ್ಲಿ ಹುಟ್ಟಿದವನೇ. ಅಂದರೆ ಆ ದಿನ ಅವನು ಕೈ ಎತ್ತಿದರೆ ಜನ ಏನಂದುಕೊಳ್ಳುತ್ತಾರೆ ಅಂತ ಅವನಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ಬರ್ಗರ್ ಬಗ್ಗೆ ಬರೆದವರು ವೊಯ್ಟ್‌ಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ನನಗೆ ಬರ್ಗರ್‌ಗಿಂತ ಇವನೇ ಜಾಸ್ತಿ ಇಷ್ಟವಾದ.

ಆಮೇಲೆ ಉಪಚುನಾವಣೆ. ಈ ಸಲ ರಿಪಬ್ಲಿಕನ್ನರು, ಡೆಮಾಕ್ರಾಟರು ಇಬ್ಬರೂ ತಮ್ಮ ಜಗಳ ಬದಿಗಿಟ್ಟು ಬರ್ಗರ್ ವಿರುದ್ಧ ಒಬ್ಬನೇ ಅಭ್ಯರ್ಥಿಯನ್ನು ನಿಲ್ಲಿಸಿದರು. ಹಿಂದಿನ ಚುನಾವಣೆಯಲ್ಲಿ ಎದುರಾಳಿ ಮತಗಳು ಹಂಚಿಹೋಗಿದ್ದಕ್ಕೆ ಬರ್ಗರ್ ಗೆದ್ದ ಅನ್ನೋ ಲೆಕ್ಕ ಅವರದು. ಲೆಕ್ಕ ತಪ್ಪೇನಲ್ಲ, ಆಗ ಅವನಿಗೆ ಬಿದ್ದದ್ದು 18 ಸಾವಿರದ ಹತ್ತಿರ. ಈಗ ಬಿದ್ದದ್ದು 24 ಸಾವಿರದ ಮೇಲೆ. ಎದುರಾಳಿಗೆ 20 ಸಾವಿರವೂ ಆಗಲಿಲ್ಲ. ದ್ರೋಹಿ ಅಂತ ಕೋರ್ಟು ಹೇಳಿದ ಮೇಲೆ, ಸದನ ಹೊರಗಟ್ಟಿದ ಮೇಲೆ ಮತ ಏರಿತ್ತು. 1920ರ ಜನವರಿ 10ಕ್ಕೆ ಬರ್ಗರ್ ಮತ್ತೆ ಸದನಕ್ಕೆ ಹೋದ. ಮತ್ತೆ ಬೇಡ ಅಂದರು. 330 ಬೇಡ, 6 ಬೇಕು. ಒಂದು ಆರಾಗಿತ್ತು. ಜನ ಆರಿಸಿದವನನ್ನು ಬೇಡ ಅನ್ನೋಕೆ ನಾವ್ಯಾರು ಅಂತ ವಾದಿಸಿದವರಲ್ಲಿ ರಿಪಬ್ಲಿಕನ್ನರ ಹಳೇ ನಾಯಕ, ಇಲಿನಾಯ್ಸಿನ ಜೇಮ್ಸ್ ಮ್ಯಾನ್ ಇದ್ದ. ಅವನಿಗೆ ಸೋಷಲಿಸಂ ಅಂದರೆ ಅಷ್ಟಕ್ಕಷ್ಟೇ. ಅದೇ ವಾರ ನ್ಯೂಯಾರ್ಕ್ ವಿಧಾನಸಭೆ ಐವರು ಸೋಷಲಿಸ್ಟ್ ಶಾಸಕರನ್ನು ಒಟ್ಟಿಗೇ ಅಮಾನತು ಮಾಡಿತ್ತು. ಮಿಲ್ವಾಕೀಯಲ್ಲಿ ಮೂರನೇ ಚುನಾವಣೆ ಯಾರೂ ಕರೆಯಲಿಲ್ಲ. 1921ರ ಮಾರ್ಚ್‌ವರೆಗೆ ಆ ಕ್ಷೇತ್ರಕ್ಕೆ ಪ್ರತಿನಿಧಿಯೇ ಇರಲಿಲ್ಲ.

ಇದನ್ನೆಲ್ಲ ಒಮ್ಮೆ ಫೋನಿನಲ್ಲಿ ಅಪ್ಪನಿಗೆ ಹೇಳುತ್ತಿದ್ದೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಎಲೆಕ್ಷನ್ ಬಂತು ಅಂದರೆ ಡ್ಯೂಟಿ ಬೀಳುತ್ತಿತ್ತು. ಮಸ್ಟರಿಂಗ್ ಸೆಂಟರಿನಲ್ಲಿ ಇಡೀ ದಿನ ಕಾದು, ಪೆಟ್ಟಿಗೆ ಚೀಲ ಹೊತ್ತು ಯಾವುದೋ ಹಳ್ಳಿ ಶಾಲೆಯಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮಲಗಿ, ಬೆಳಗ್ಗೆ ಏಜೆಂಟರ ಎದುರು ಖಾಲಿ ಪೆಟ್ಟಿಗೆ ತೋರಿಸಿ, ಸಂಜೆ ಅರಗು ಕರಗಿಸಿ ಸೀಲ್ ಹಾಕಿ, ಅದನ್ನು ವಾಪಸ್ ಒಪ್ಪಿಸಿ ರಸೀದಿ ತಗೊಳ್ಳೋವರೆಗೂ ಅವರಿಗೆ ನಿದ್ದೆ ಇರುತ್ತಿರಲಿಲ್ಲ. ಒಂದು ವೋಟು ಲೆಕ್ಕಕ್ಕೆ ಸಿಗದೆ ಇದ್ದರೆ ಊಟ ಸೇರುತ್ತಿರಲಿಲ್ಲ. ನಾನು ಬೇಹುಗಾರಿಕೆ ಕಾಯ್ದೆ, ಲ್ಯಾಂಡಿಸ್, ವೊಯ್ಟ್ ಅಂತ ಉತ್ಸಾಹದಲ್ಲಿ ಹೇಳುತ್ತಾ ಹೋದೆ. ಅವರು ಅದ್ಯಾವುದನ್ನೂ ಹಿಡಿದುಕೊಳ್ಳಲಿಲ್ಲ. "ಅಲ್ಲ ಕಣೋ, ಆ ಇಪ್ಪತ್ನಾಲ್ಕು ಸಾವಿರ ವೋಟು ಏನ್ಮಾಡಿದ್ರು?" ಅಂದರು. ಏನಿಲ್ಲ ಅಪ್ಪ, ಸೀಟು ಖಾಲಿ ಬಿಟ್ರು ಅಂದೆ. "ಹಂಗಾದ್ರೆ ಅವನಿಗೆ ಏನ್ ಮಾಡಿದ್ರು ಅನ್ನೋದು ಬಿಡು. ವೋಟ್ ಹಾಕಿದೋರಿಗೆ ಮಾಡಿದ್ದು ಹೇಳು" ಅಂದರು.

ಒಳ್ಳೆಯವನೇ ಆಗಬೇಕಾ?

ಅಪ್ಪನಿಗೆ ಆ ದಿನ ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಬರ್ಗರ್ 1902ರಲ್ಲಿ ತನ್ನ ವಾರಪತ್ರಿಕೆಯಲ್ಲಿ ಕರಿಯರು ಕೆಳದರ್ಜೆಯ ಜನಾಂಗ ಅನ್ನೋದರಲ್ಲಿ ಅನುಮಾನವೇ ಇಲ್ಲ ಅಂತ ಬರೆದಿದ್ದ. ಏಷ್ಯಾದ ಕೂಲಿಗಳನ್ನು ಅಮೆರಿಕಕ್ಕೆ ಬಿಡಬಾರದು ಅಂತ ಪಕ್ಷದ ಸಭೆಗಳಲ್ಲಿ ಜೋರಾಗಿ ವಾದಿಸಿದವರಲ್ಲಿ ಅವನೂ ಒಬ್ಬ. ಅದು ಪುಸ್ತಕದ ವಾದ ಅಲ್ಲ. 1907ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಕರಾವಳಿಯ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಸಾಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಬಿಳಿಯರ ಗುಂಪು ಹೊಡೆದು ಊರು ಬಿಡಿಸಿತು. ದುಡಿಯುವವರೆಲ್ಲ ಒಂದು ಅನ್ನೋ ಪಕ್ಷದ ದೊಡ್ಡ ನಾಯಕನಿಗೆ ಆ ಪಂಜಾಬಿ ದುಡಿಯುವವನಾಗಿ ಕಾಣಲಿಲ್ಲ. ಅವನ ಪಕ್ಷದಲ್ಲೇ ಇದನ್ನು ವಿರೋಧಿಸಿದವರು ಇದ್ದರು, ಡೆಬ್ಸ್ ಕೂಡ. ಹಾಗಾಗಿ ಕಾಲ ಹಾಗಿತ್ತು ಅಂತ ತೇಲಿಸಿಬಿಡೋದು ನನಗೆ ಒಪ್ಪಿಗೆಯಿಲ್ಲ.

ಇದು ಗೊತ್ತಾದ ಮೇಲೆ ಸ್ವಲ್ಪ ದಿನ ಬರ್ಗರ್ ವಿಷಯ ಓದೋಕೇ ಮನಸ್ಸಾಗಲಿಲ್ಲ. ನನ್ನಂಥವನನ್ನು ಒಳಗೆ ಬಿಡಬೇಡಿ ಅಂದವನನ್ನು ಅವರೇ ಒಳಗೆ ಬಿಡಲಿಲ್ಲ, ಸರಿಯಾಯ್ತು ಅನ್ನೋ ಒಂದು ಸಣ್ಣ ಖುಷಿ ಕೂಡ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಪ್ಪನ ಪ್ರಶ್ನೆ ಎದುರಿಗಿಟ್ಟುಕೊಂಡರೆ ಆ ಖುಷಿ ನಿಲ್ಲಲ್ಲ. ವೊಯ್ಟ್ ಬೇಕು ಅಂದದ್ದು ಬರ್ಗರ್ ಒಳ್ಳೆಯವನು ಅಂತ ಅಲ್ಲ. ಅವನು ಒಳ್ಳೆಯವನೋ ಕೆಟ್ಟವನೋ ತೀರ್ಮಾನ ಮಾಡೋ ಕೆಲಸ ಮಿಲ್ವಾಕೀಯವರದು, ಅವರು ಅದನ್ನು ಎರಡು ಸಲ ಮಾಡಿ ಮುಗಿಸಿದ್ದರು. 311 ಜನ ಅದನ್ನು ತಮ್ಮ ಕೈಗೆ ತಗೊಂಡರು. 1969ರಲ್ಲಿ, ಗೆದ್ದು ಬಂದರೂ ಸದನ ಹೊರಗಿಟ್ಟಿದ್ದ ನ್ಯೂಯಾರ್ಕಿನ ಹಾರ್ಲೆಮ್‌ನ ಆಡಮ್ ಕ್ಲೇಟನ್ ಪವೆಲ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಹತ್ತಿರದ ಮಾತು ಹೇಳಿತು. ಸಂವಿಧಾನ ಹೇಳಿದ ಅರ್ಹತೆ ಇದ್ದು ಗೆದ್ದು ಬಂದವನನ್ನು ಸದನ ಬಾಗಿಲಲ್ಲೇ ತಡೆಯುವ ಹಾಗಿಲ್ಲ. ಪವೆಲ್ ಕರಿಯ. ಬರ್ಗರ್‌ಗೆ ಈ ತೀರ್ಪು ಮೊದಲೇ ಸಿಕ್ಕಿದ್ದರೆ, ಮೂರನೇ ಸೆಕ್ಷನ್ ಕೂಡ ಅರ್ಹತೆಯ ಮಾತೇ ಅಂತ ಸದನ ವಾದ ಹೂಡುತ್ತಿತ್ತು ಅಂತ ನನ್ನ ಅಂದಾಜು. 2024ರ ಮಾರ್ಚಿನಲ್ಲಿ ಟ್ರಂಪ್ ಪರ ಬಂದ ಸುಪ್ರೀಂ ಕೋರ್ಟ್ ತೀರ್ಪು ರಾಜ್ಯಗಳ ಕೈ ಕಟ್ಟಿತೇ ಹೊರತು ಈ ಗಂಟನ್ನು ಬಿಡಿಸಲಿಲ್ಲ.

ಬರ್ಗರ್‌ನ ಇಪ್ಪತ್ತು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1921ರ ಜನವರಿ 31ಕ್ಕೆ ರದ್ದು ಮಾಡಿತು. ಐದು ಸಂಪಾದಕೀಯಗಳ ಬಗ್ಗೆ ಅಲ್ಲ, ಅಫಿಡವಿಟ್ ಬಂದ ಮೇಲೆ ಲ್ಯಾಂಡಿಸ್ ಪಕ್ಕಕ್ಕೆ ಸರಿಯಬೇಕಿತ್ತು ಅನ್ನೋ ಕಾರಣಕ್ಕೆ. ಆಮೇಲೆ ಸರ್ಕಾರ ಕೇಸನ್ನೇ ಕೈಬಿಟ್ಟಿತು. 1920ರ ಚುನಾವಣೆಯಲ್ಲಿ ಅವನನ್ನು ಸೋಲಿಸಿದವನು ಸ್ಟಾಫರ್ಡ್. 1922ರಲ್ಲಿ ಸ್ಟಾಫರ್ಡ್‌ನನ್ನು ಸೋಲಿಸಿದವನು ಬರ್ಗರ್. 1923ರ ಡಿಸೆಂಬರ್‌ನಲ್ಲಿ ಅವನು ಪ್ರಮಾಣವಚನಕ್ಕೆ ಎದ್ದು ನಿಂತಾಗ ಯಾರೂ ಚಕಾರ ಎತ್ತಲಿಲ್ಲ. ಅದೇ ಮನುಷ್ಯ, ಅದೇ ಸಂಪಾದಕೀಯಗಳು, ಅದೇ ಮೂರನೇ ಸೆಕ್ಷನ್. ಮತ್ತೆರಡು ಸಲ ಗೆದ್ದ. 1928ರಲ್ಲಿ ಸೋತ. ಈ ಸಲ ಸಮಿತಿ ಇಲ್ಲ, ಜಡ್ಜ್ ಇಲ್ಲ, ತಿದ್ದುಪಡಿ ಇಲ್ಲ. ಮಿಲ್ವಾಕೀ ಜನಕ್ಕೆ ಸಾಕು ಅನ್ನಿಸಿತು, ಸ್ಟಾಫರ್ಡ್‌ಗೆ ವೋಟು ಹಾಕಿದರು. ಬರ್ಗರ್ ಪತ್ರಿಕೆ ಕೆಲಸಕ್ಕೆ ವಾಪಸ್ ಬಂದ. ಮಾರನೇ ಜುಲೈನಲ್ಲಿ ಊರಿನ ಬೀದಿಯಲ್ಲೇ ಟ್ರಾಮ್ ಬಡಿದು ಪೆಟ್ಟಾಗಿ, ಆಗಸ್ಟ್ 7ಕ್ಕೆ ತೀರಿಕೊಂಡ. ಮೇಟಾ 1909ರಲ್ಲೇ ಮಿಲ್ವಾಕೀ ಸ್ಕೂಲ್ ಬೋರ್ಡಿಗೆ ಗೆದ್ದಿದ್ದಳು. ಗಂಡನ ಮೇಲೆ ಕೇಸು ಬಿದ್ದಾಗಲೂ, ಸದನ ಅವನನ್ನು ಹೊರಗಿಟ್ಟಾಗಲೂ ಬೋರ್ಡಿನಲ್ಲೇ ಇದ್ದಳು. ಅವನು ಹೋದ ಮೇಲೂ ಹತ್ತು ವರ್ಷ ಜನ ಅವಳನ್ನು ಅಲ್ಲಿಂದ ಕದಲಿಸಲಿಲ್ಲ.